ಈವ್ ಆನ್‌ಲೈನ್‌ನ ಫೌಂಟನ್ ಯುದ್ಧ, 2013: ಕಾರಣ ಚಂದ್ರಗಳೋ, ಮುರಿದ ಮೈತ್ರಿಯೋ?

ಪ್ರಶ್ನೆ: ತೀರದರಾಯ

ಎಲ್ಲರಿಗೂ ನಮಸ್ಕಾರ.

ಸಾವಿರಾರು ಜನ ಒಂದೇ ಬಾಹ್ಯಾಕಾಶ ಲೋಕದಲ್ಲಿ ಹಡಗು ನಡೆಸುವ ಈವ್ ಆನ್‌ಲೈನ್ ಆಟದ ಯುದ್ಧಗಳ ಮಾತು ಬಂದಾಗಲೆಲ್ಲ 2014ರ ಜನವರಿಯ ಬಿ-ಆರ್5ಆರ್‌ಬಿ ಕದನವೇ ಮುಂದೆ ಬರುತ್ತದೆ. ಒಂದೇ ಕದನದಲ್ಲಿ ಆಟದ ಅತಿ ದೊಡ್ಡ ಹಡಗುಗಳಾದ 75 ಟೈಟನ್‌ಗಳು ನಾಶವಾದ ಘಟನೆಯಾದ್ದರಿಂದ ಅದು ಸಹಜವೂ ಹೌದು. ಆದರೆ ಅದಕ್ಕೆ ಕೆಲವೇ ತಿಂಗಳು ಮೊದಲು, 2013ರ ಜೂನ್ ಮತ್ತು ಜುಲೈನಲ್ಲಿ ನಡೆದ ಫೌಂಟನ್ ಯುದ್ಧ ನನಗೆ ಇನ್ನೂ ಹೆಚ್ಚು ಕುತೂಹಲಕರವೆನಿಸಿದೆ. ಬಿ-ಆರ್ ಕದನಕ್ಕೆ ಕಾರಣವಾದದ್ದು ಸಾರ್ವಭೌಮತ್ವದ, ಅಂದರೆ ಸಿಸ್ಟಮ್ (ನಕ್ಷತ್ರ ವ್ಯವಸ್ಥೆ) ಒಂದನ್ನು ತಮ್ಮದಾಗಿ ಇಟ್ಟುಕೊಳ್ಳುವ ಶುಲ್ಕವೊಂದು ಸಮಯಕ್ಕೆ ಸಂದಾಯವಾಗದೇ ಹೋದದ್ದು. ಫೌಂಟನ್ ಯುದ್ಧ ಹಾಗಲ್ಲ, ಅದು ಯೋಚಿಸಿ, ಲೆಕ್ಕ ಹಾಕಿ ಆರಂಭಿಸಿದ ಯುದ್ಧ.

ನಾನು ಓದಿದ ಕಡೆಗಳಲ್ಲೆಲ್ಲ ಇದಕ್ಕೆ ಒಂದೇ ಸಾಲಿನ ವಿವರಣೆ ಸಿಗುತ್ತದೆ. ಆಟವನ್ನು ರೂಪಿಸಿದ ಐಸ್‌ಲ್ಯಾಂಡಿನ ಸಿಸಿಪಿ ಕಂಪನಿಯು ಒಡಿಸ್ಸಿ ಎಂಬ ಅಪ್‌ಡೇಟ್‌ನಲ್ಲಿ ಚಂದ್ರಗಳ ಖನಿಜಗಳ ಬೆಲೆಯನ್ನು ಏರುಪೇರು ಮಾಡಿತು, ಅದರಿಂದ ಆದಾಯ ಕಳೆದುಕೊಂಡ, ಆಟಗಾರರ ಸಂಘಗಳಾದ ಅಲಯನ್ಸ್‌ಗಳು ಸೇರಿದ ಸಿಎಫ್‌ಸಿ ಒಕ್ಕೂಟವು ಟೆಸ್ಟ್ ಅಲಯನ್ಸ್‌ನ ಫೌಂಟನ್ ಪ್ರಾಂತ್ಯದ ಮೇಲೆ ದಾಳಿ ಮಾಡಿತು, ಎಂಬುದು ಆ ವಿವರಣೆ. ಇಷ್ಟೇ ಸಾಕೆ? ಟೆಸ್ಟ್ ಮತ್ತು ಸಿಎಫ್‌ಸಿಯ ಮುಂದಾಳು ಗೂನ್‌ಸ್ವಾರ್ಮ್ ಇಬ್ಬರೂ ವರ್ಷಗಟ್ಟಲೆ ಹೆಗಲಿಗೆ ಹೆಗಲು ಕೊಟ್ಟು ಹೋರಾಡಿದವರು. ಖನಿಜದ ಬೆಲೆ ಬದಲಾಯಿತೆಂಬ ಒಂದೇ ಕಾರಣಕ್ಕೆ ಅಂಥ ಸ್ನೇಹ ಯುದ್ಧಕ್ಕೆ ತಿರುಗುತ್ತದೆಯೆ? ಇನ್ನೊಂದು ಸಂಗತಿಯೂ ನನಗೆ ಅರ್ಥವಾಗಿಲ್ಲ. ಇಷ್ಟು ದೊಡ್ಡ ಸೇನೆಯುಳ್ಳ ಒಕ್ಕೂಟಕ್ಕೆ ಟೆಸ್ಟ್‌ನ ನೆಲೆಯಾದ 6ವಿಡಿಟಿ-ಹೆಚ್ ಸಿಸ್ಟಮ್‌ನ ಕದನದವರೆಗೆ ಬರಲು ಜುಲೈ 28ರ ತನಕ ಏಕೆ ಕಾಯಬೇಕಾಯಿತು? ಮೊದಲ ವಾರಗಳಲ್ಲಿ ನಡೆದದ್ದಾದರೂ ಏನು? ಬಲ್ಲವರು ವಿವರವಾಗಿ ಬರೆದರೆ ಉಪಕಾರವಾಗುತ್ತದೆ.

ಉತ್ತರ: ಹಡಗುಮೇಸ್ತ್ರಿ

ತೀರದರಾಯರೇ, ಒಳ್ಳೆಯ ಪ್ರಶ್ನೆ. ನೀವು ಹೇಳಿದ ಒಂದು ಸಾಲಿನ ವಿವರಣೆ ತಪ್ಪಲ್ಲ, ಆದರೆ ಅದರೊಳಗಿನ ಲೆಕ್ಕವನ್ನು ಬಿಡಿಸಿ ನೋಡದಿದ್ದರೆ ಅದು ಬರಿಯ ದುರಾಸೆಯ ಕಥೆಯಂತೆ ಕಾಣುತ್ತದೆ. ಚಂದ್ರದ ಹಣ ಎಲ್ಲಿಂದ ಬರುತ್ತಿತ್ತು, ಎಲ್ಲಿಗೆ ಹೋಗುತ್ತಿತ್ತು ಎಂಬುದನ್ನು ಮೊದಲು ನೋಡೋಣ.

ಆ ಕಾಲದಲ್ಲಿ ಚಂದ್ರದಿಂದ ಖನಿಜ ತೆಗೆಯಲು ಆಟಗಾರನು ಕುಳಿತು ಗಣಿಗಾರಿಕೆ ಮಾಡಬೇಕಾಗಿರಲಿಲ್ಲ. ಚಂದ್ರದ ಪಕ್ಕದಲ್ಲಿ ಒಂದು ಟವರ್ ನಿಲ್ಲಿಸಿ, ಅದಕ್ಕೆ ಹಾರ್ವೆಸ್ಟರ್ ಜೋಡಿಸಿ, ಇಂಧನ ತುಂಬುತ್ತಿದ್ದರೆ ಸಾಕು, ಗಂಟೆಗೆ 100 ಯೂನಿಟ್ ಖನಿಜ ತಾನಾಗಿ ಬಂದು ಸಂಗ್ರಹವಾಗುತ್ತಿತ್ತು. ದಿನಕ್ಕೆ 2,400 ಯೂನಿಟ್, 30 ದಿನಕ್ಕೆ 72,000 ಯೂನಿಟ್. ಯೂನಿಟ್ ಒಂದಕ್ಕೆ ಒಂದು ಲಕ್ಷ ಇಸ್ಕ್ (ಆಟದೊಳಗಿನ ಹಣ) ಬೆಲೆ ಎಂದಿಟ್ಟುಕೊಂಡರೆ ಒಂದೇ ಚಂದ್ರದಿಂದ ತಿಂಗಳಿಗೆ 720 ಕೋಟಿ ಇಸ್ಕ್. ಸಲಕರಣೆಗಳನ್ನೆಲ್ಲ ಜೋಡಿಸಿದ ಬ್ಯಾಟಲ್‌ಶಿಪ್ ಒಂದಕ್ಕೆ ಆಗ 20 ಕೋಟಿಯ ಆಸುಪಾಸು ಬೀಳುತ್ತಿತ್ತು. ಅಂದರೆ ಒಂದು ಒಳ್ಳೆಯ ಚಂದ್ರವು ತಿಂಗಳಿಗೆ ಮೂವತ್ತಕ್ಕೂ ಹೆಚ್ಚು ಬ್ಯಾಟಲ್‌ಶಿಪ್‌ಗಳ ನಷ್ಟವನ್ನು ತುಂಬಿಕೊಡುತ್ತಿತ್ತು, ಅದೂ ಯಾರೊಬ್ಬರ ದುಡಿಮೆಯೂ ಇಲ್ಲದೆ.

ಈ ನಷ್ಟ ತುಂಬಿಕೊಡುವ ವ್ಯವಸ್ಥೆಯೇ ನನ್ನ ದೃಷ್ಟಿಯಲ್ಲಿ ಇಡೀ ಯುದ್ಧದ ಬೇರು. ಈವ್‌ನಲ್ಲಿ ಹಡಗು ಒಡೆದರೆ ಅದು ಶಾಶ್ವತವಾಗಿ ಹೋದಂತೆಯೇ. ಸಾಮಾನ್ಯ ಆಟಗಾರ ತನ್ನ ಹಡಗನ್ನು ತನ್ನದೇ ಹಣದಿಂದ ಮತ್ತೆ ಮತ್ತೆ ಕೊಳ್ಳಬೇಕಾದರೆ ನಾಲ್ಕನೆಯ ಸೋಲಿನ ಹೊತ್ತಿಗೆ ಅವನು ಲಾಗಿನ್ ಆಗುವುದನ್ನೇ ಬಿಡುತ್ತಾನೆ. ಅದಕ್ಕೇ ದೊಡ್ಡ ಅಲಯನ್ಸ್‌ಗಳು ಕದನದಲ್ಲಿ ಕಳೆದುಹೋದ ಹಡಗಿನ ಬೆಲೆಯನ್ನು ಖಜಾನೆಯಿಂದ ಕೊಡುವ ಪದ್ಧತಿಯನ್ನಿಟ್ಟುಕೊಂಡಿದ್ದವು. ಸಿಎಫ್‌ಸಿಯ ಶಕ್ತಿ ಇದ್ದದ್ದು ಜನಸಂಖ್ಯೆಯಲ್ಲಿ. ಸಮಥಿಂಗ್ ಆಫುಲ್ ಎಂಬ ಜಾಲತಾಣದ ಸದಸ್ಯರಿಂದ ಹುಟ್ಟಿದ ಗೂನ್‌ಸ್ವಾರ್ಮ್ ಸಾವಿರಾರು ಸಾಮಾನ್ಯ ಪೈಲಟ್‌ಗಳನ್ನು ಒಂದು ಕರೆಗೆ ಸೇರಿಸಬಲ್ಲದಾಗಿತ್ತು. ಆ ಸಾವಿರಾರು ಜನ ಪ್ರತಿ ಸಲವೂ ಬರಬೇಕೆಂದರೆ ಖಜಾನೆ ಬತ್ತುವಂತಿರಲಿಲ್ಲ.

ಆ ಖಜಾನೆ ತುಂಬುತ್ತಿದ್ದದ್ದು ಟೆಕ್ನೀಷಿಯಮ್ ಎಂಬ ಚಂದ್ರದ ಖನಿಜದಿಂದ. 2009ರ ಡಿಸೆಂಬರ್‌ನಲ್ಲಿ ಬಂದ ಡೊಮಿನಿಯನ್ ಅಪ್‌ಡೇಟ್ ತಯಾರಿಕೆಯ ಸೂತ್ರಗಳನ್ನು ಬದಲಾಯಿಸಿತು. ಅದಕ್ಕೆ ಮೊದಲು ಡಿಸ್ಪ್ರೋಸಿಯಮ್, ಪ್ರೊಮೀಥಿಯಮ್‌ಗಳಂಥ, ಅತಿ ವಿರಳವಾದ ಆರ್64 ದರ್ಜೆಯ ಖನಿಜಗಳೇ ಅತಿ ದುಬಾರಿಯಾಗಿದ್ದವು. ಬದಲಾವಣೆಯ ನಂತರ ಟೆಕ್-2 ಎಂಬ ಮೇಲ್ಮಟ್ಟದ ಸಾಮಾನಿನ ತಯಾರಿಕೆಯೆಲ್ಲ ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನ ಆರ್32 ದರ್ಜೆಯ ಟೆಕ್ನೀಷಿಯಮ್‌ನ ಮೇಲೆ ನಿಂತಿತು, ಮತ್ತು ಆ ಖನಿಜವಿದ್ದ ಚಂದ್ರಗಳು ಬಹುಪಾಲು ನಕ್ಷೆಯ ಉತ್ತರ ಭಾಗದಲ್ಲೇ ಇದ್ದವು. ಉತ್ತರವನ್ನು ಹಿಡಿದವರಿಗೆ ಇಡೀ ಆಟದ ಮಾರುಕಟ್ಟೆಯೇ ಕಪ್ಪ ಕೊಟ್ಟಂತಾಯಿತು. 2012ರಲ್ಲಿ ಟೆಕ್ನೀಷಿಯಮ್ ಒಡೆಯರು ಪೆಟ್ರೋಲಿಯಂ ದೇಶಗಳ ಒಪೆಕ್ ಮಾದರಿಯಲ್ಲಿ ಒಟೆಕ್ ಎಂಬ ಕೂಟವನ್ನೇ ಕಟ್ಟಿ ಬೆಲೆಯನ್ನು ಮೇಲಕ್ಕೆ ಹಿಡಿದಿಟ್ಟರು. ಅದೇ ವರ್ಷ ಸಿಸಿಪಿಯು ಅಗ್ಗದ ಖನಿಜದಿಂದಲೂ ಅದೇ ಪದಾರ್ಥವನ್ನು, ಹೆಚ್ಚು ಖರ್ಚಿನಲ್ಲಿ, ತಯಾರಿಸುವ ರಸವಿದ್ಯೆಯ ದಾರಿಯನ್ನು ತೆರೆದಾಗ ಆ ಬೆಲೆಗೆ ಒಂದು ಮಿತಿ ಬಿತ್ತು. ಅದು ಮೊದಲ ಎಚ್ಚರಿಕೆಯ ಗಂಟೆ.

2013ರ ಜೂನ್ 4ರಂದು ಬಂದ ಒಡಿಸ್ಸಿ ಎರಡನೆಯದು, ಮತ್ತು ನಿರ್ಣಾಯಕವಾದದ್ದು. ಟೆಕ್ನೀಷಿಯಮ್‌ನ ಬೇಡಿಕೆಯನ್ನು ಇತರ ಖನಿಜಗಳಿಗೆ ಹಂಚಿ, ಆರ್64 ಖನಿಜಗಳಿಗೆ ಮತ್ತೆ ಅಗ್ರಸ್ಥಾನ ಕೊಡಲಾಯಿತು. ಈ ಬದಲಾವಣೆಗಳು ಮೊದಲೇ ಪ್ರಕಟವಾಗಿದ್ದುದರಿಂದ ಯಾವ ಪ್ರಾಂತ್ಯದ ಬೆಲೆ ಏರುತ್ತದೆ, ಯಾವುದರದು ಇಳಿಯುತ್ತದೆ ಎಂಬುದು ಅಪ್‌ಡೇಟ್ ಬರುವ ಮುನ್ನವೇ ಎಲ್ಲರಿಗೂ ತಿಳಿದಿತ್ತು. ಫೌಂಟನ್‌ನಲ್ಲಿ ಆರ್64 ಚಂದ್ರಗಳು ದಟ್ಟವಾಗಿದ್ದವು. ಸಿಎಫ್‌ಸಿಯ ನಾಯಕತ್ವ ತನ್ನ ಉದ್ದೇಶವನ್ನು ಮುಚ್ಚಿಡಲೂ ಇಲ್ಲ. ಅವಮಾನ, ಸೇಡು ಎಂದೆಲ್ಲ ನೆಪ ಹುಡುಕದೆ, ಈ ಯುದ್ಧ ಸಂಪನ್ಮೂಲಕ್ಕಾಗಿ ಎಂದು ತನ್ನ ಜನರಿಗೆ ಬಹಿರಂಗವಾಗಿಯೇ ಹೇಳಿತು. ಈ ಪ್ರಾಮಾಣಿಕತೆಯನ್ನು ನಾನು ಮೆಚ್ಚುತ್ತೇನೆ, ಏಕೆಂದರೆ ಖಜಾನೆಯ ಲೆಕ್ಕವನ್ನು ಸಾಮಾನ್ಯ ಪೈಲಟ್‌ನ ಮುಂದಿಟ್ಟು ಅವನ ಒಪ್ಪಿಗೆ ಪಡೆಯುವುದು ದ್ವೇಷ ಕೆರಳಿಸುವುದಕ್ಕಿಂತ ಕಷ್ಟದ ಕೆಲಸ.

ಉತ್ತರ: ಗಡಿಕಾವಲುಗಾರ

ಹಡಗುಮೇಸ್ತ್ರಿಯವರ ಲೆಕ್ಕದಲ್ಲಿ ನನಗೆ ತಕರಾರಿಲ್ಲ. ಆದರೆ ಆ ಲೆಕ್ಕ ಸಿಎಫ್‌ಸಿಗೆ ಯುದ್ಧ ಏಕೆ ಬೇಕಿತ್ತು ಎಂಬುದನ್ನಷ್ಟೇ ಹೇಳುತ್ತದೆ. ಆರ್64 ಚಂದ್ರಗಳು ಬೇರೆ ಪ್ರಾಂತ್ಯಗಳಲ್ಲೂ ಇದ್ದವು. ಯುದ್ಧ ಟೆಸ್ಟ್‌ನ ಮೇಲೆಯೇ ಏಕೆ ಬಂತು, ಅದೂ ಆ ಬೇಸಿಗೆಯಲ್ಲೇ ಏಕೆ ಬಂತು ಎಂಬುದಕ್ಕೆ ಉತ್ತರ ಖನಿಜದಲ್ಲಿಲ್ಲ, ಮೈತ್ರಿಗಳ ಇತಿಹಾಸದಲ್ಲಿದೆ.

ರೆಡ್ಡಿಟ್ ಬಳಕೆದಾರರಿಂದ ಹುಟ್ಟಿದ ಟೆಸ್ಟ್, ಅಂದರೆ ಟೆಸ್ಟ್ ಅಲಯನ್ಸ್ ಪ್ಲೀಸ್ ಇಗ್ನೋರ್, ಫೌಂಟನ್‌ನಲ್ಲಿ ನೆಲೆಯೂರಿದ್ದು 2011ರಲ್ಲಿ, ಐಟಿ ಅಲಯನ್ಸ್ ಕುಸಿದಾಗ. ಆ ಕುಸಿತಕ್ಕೆ ಕಾರಣರಾದವರಲ್ಲಿ ಗೂನ್‌ಗಳೂ ಇದ್ದರು. ಹೀಗಾಗಿ ಟೆಸ್ಟ್‌ನ ಮನೆಗೆ ಗೂನ್‌ಗಳೂ ಇಟ್ಟಿಗೆ ಹೊತ್ತಿದ್ದರು ಎನ್ನಬಹುದು. 2012ರಲ್ಲಿ ಡೆಲ್ವ್ ಪ್ರಾಂತ್ಯಕ್ಕಾಗಿ ನಡೆದ ಹೋರಾಟದಲ್ಲೂ ಇಬ್ಬರೂ ಒಂದೇ ಕಡೆಗಿದ್ದರು. ಅದೇ ವರ್ಷ ಟೆಸ್ಟ್ ಗೂನ್‌ಗಳ ನೆರಳಿನಿಂದ ಹೊರಬಂದು, ಪ್ಯಾಂಡೆಮಿಕ್ ಲೀಜನ್ ಎಂಬ ಅಲಯನ್ಸ್ ಜೊತೆ ಸೇರಿ ಹನಿಬ್ಯಾಡ್ಜರ್ ಒಕ್ಕೂಟವನ್ನು ಕಟ್ಟಿತು. ಒಂದು ದೊಡ್ಡ ಜನಸಮೂಹ, ಇನ್ನೊಂದು ಆಟದಲ್ಲೇ ಅತಿ ಬಲಿಷ್ಠವಾದ ಸೂಪರ್‌ಕ್ಯಾಪಿಟಲ್ (ಟೈಟನ್‌ನಂಥ ಬೃಹತ್ ಹಡಗುಗಳ) ಪಡೆ. ಆ ಜೋಡಿ ನಿಂತಿರುವಷ್ಟು ದಿನ ಫೌಂಟನ್‌ನ ಚಂದ್ರಗಳು ಎಷ್ಟೇ ಬೆಲೆಬಾಳಲಿ, ಯಾರೂ ಅವುಗಳ ಮೇಲೆ ಕೈಯಿಡುತ್ತಿರಲಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಬಿರುಕು ಎಲ್ಲರ ಕಣ್ಣಿಗೂ ಬಿದ್ದದ್ದು 2013ರ ಜನವರಿ ಕೊನೆಯಲ್ಲಿ, ಅಸಕಾಯ್ ಎಂಬ ಲೋಸೆಕ್ (ಕಡಿಮೆ ಭದ್ರತೆಯ) ಸಿಸ್ಟಮ್‌ನಲ್ಲಿ. ಸಿಎಫ್‌ಸಿಯ ಕಮಾಂಡರ್ ಒಬ್ಬರು ತಮ್ಮ ಟೈಟನ್‌ನಿಂದ ಸೇತುವೆ, ಅಂದರೆ ದೂರದ ಸಿಸ್ಟಮ್‌ಗೆ ಒಮ್ಮೆಗೇ ಜಿಗಿಯುವ ದಾರಿ, ತೆರೆದು ಪಡೆಯನ್ನು ಕಳುಹಿಸುವ ಬದಲು ತಪ್ಪು ಆಜ್ಞೆ ಒತ್ತಿ ಟೈಟನ್ ಸಮೇತ ತಾವೇ ಶತ್ರುಗಳ ನಡುವೆ ಜಿಗಿದರು. ಸುದ್ದಿ ಹರಡಿದ ಕೆಲವೇ ಹೊತ್ತಿನಲ್ಲಿ 2,800ಕ್ಕೂ ಹೆಚ್ಚು ಪೈಲಟ್‌ಗಳು ಆ ಕದನದೊಳಗೆ ಬಂದರು. ಸಿಎಫ್‌ಸಿಯ ವಿರುದ್ಧ ಬಂದೆರಗಿದವರಲ್ಲಿ ಪ್ಯಾಂಡೆಮಿಕ್ ಲೀಜನ್ ಮುಂಚೂಣಿಯಲ್ಲಿತ್ತು. ಅದು ಯುದ್ಧವಾಗಿ ಬೆಳೆಯಲಿಲ್ಲ, ಆದರೆ ಎರಡು ಒಕ್ಕೂಟಗಳ ನಡುವೆ ಇನ್ನು ಸ್ನೇಹವೆಂಬುದು ಮಾತಿಗಷ್ಟೇ ಉಳಿದಿದೆ ಎಂಬುದು ಅಂದು ಸ್ಪಷ್ಟವಾಯಿತು. ಅದೇ ವರ್ಷದ ಮೊದಲ ತಿಂಗಳುಗಳಲ್ಲಿ ಟೆಸ್ಟ್‌ನ ನಾಯಕತ್ವ ಬದಲಾಯಿತು, ಪ್ಯಾಂಡೆಮಿಕ್ ಲೀಜನ್ ದೂರವಾಯಿತು, ಹನಿಬ್ಯಾಡ್ಜರ್ ಒಕ್ಕೂಟ ಚದುರಿಹೋಯಿತು.

ಈಗ ಜೂನ್ ತಿಂಗಳ ನಕ್ಷೆಯನ್ನು ನೋಡಿ. ಉತ್ತರ-ಪಶ್ಚಿಮದ ಡೆಕ್ಲೀನ್‌ನಲ್ಲಿ ಗೂನ್‌ಗಳ ರಾಜಧಾನಿ. ಅಲ್ಲಿಂದ ದಕ್ಷಿಣಕ್ಕೆ ಬಂದರೆ ಫೌಂಟನ್, ಅದರ ಕೆಳಗೆ ಡೆಲ್ವ್. ಟೆಸ್ಟ್‌ನ ಬಳಿ ಬೇಕಾದಷ್ಟು ಭೂಮಿಯಿದೆ, ಸಾವಿರಾರು ಸದಸ್ಯರಿದ್ದಾರೆ, ಆದರೆ ನಾಲ್ಕು ತಿಂಗಳ ಹಿಂದೆ ಇದ್ದ ರಕ್ಷಾಕವಚವಿಲ್ಲ. ಒಡಿಸ್ಸಿ ಬರದಿದ್ದರೂ ಈ ನೆರೆಹೊರೆ ಹೆಚ್ಚು ದಿನ ಶಾಂತವಾಗಿರುತ್ತಿರಲಿಲ್ಲ. ಒಡಿಸ್ಸಿ ಒಂದು ವರ್ಷ ಮೊದಲೇ, ಹನಿಬ್ಯಾಡ್ಜರ್ ಬಲವಾಗಿದ್ದಾಗ ಬಂದಿದ್ದರೆ, ಸಿಎಫ್‌ಸಿ ತನ್ನ ಹಣಕ್ಕೆ ಬೇರೆ ದಾರಿಯನ್ನೇ ಹುಡುಕುತ್ತಿತ್ತು.

ತೀರದರಾಯ

ಇಬ್ಬರಿಗೂ ಧನ್ಯವಾದಗಳು. ಬೇಕೆನಿಸಿದ್ದಕ್ಕೆ ಕಾರಣ ಖಜಾನೆ, ಸಾಧ್ಯವೆನಿಸಿದ್ದಕ್ಕೆ ಕಾರಣ ಟೆಸ್ಟ್‌ನ ಒಂಟಿತನ ಎಂದು ನಾನು ಅರ್ಥಮಾಡಿಕೊಂಡಿದ್ದೇನೆ. ಆದರೆ ಟೆಸ್ಟ್ ಅಷ್ಟು ಒಂಟಿಯಾಗಿದ್ದರೆ ಯುದ್ಧ ಮೊದಲ ವಾರದಲ್ಲೇ ಮುಗಿಯಬೇಕಿತ್ತಲ್ಲವೆ? ಆರಂಭದ ಕದನಗಳು ಹೇಗೆ ನಡೆದವು, ಸಿಸ್ಟಮ್ ಒಂದನ್ನು ಕಿತ್ತುಕೊಳ್ಳುವ ನಿಯಮಗಳು ಆಗ ಹೇಗಿದ್ದವು ಎಂಬುದನ್ನು ಯಾರಾದರೂ ವಿವರಿಸಬಹುದೆ? ನಾನು ಆಟಕ್ಕೆ ಬಂದದ್ದು ಆ ನಿಯಮಗಳು ಬದಲಾದ ಮೇಲೆ.

ಉತ್ತರ: ಕಾವೇರಿ_ಕ್ರೂಸರ್

ಇದಕ್ಕೆ ನಾನು ಉತ್ತರಿಸುತ್ತೇನೆ. ಆ ಕಾಲದ ನಿಯಮಗಳು ತಿಳಿಯದಿದ್ದರೆ ಮೊದಲ ವಾರಗಳು ಸುಮ್ಮನೆ ಕಾಲಹರಣದಂತೆ ಕಾಣುತ್ತವೆ.

ಮೊದಲು ಟವರ್‌ನ ವಿಷಯ. ಚಂದ್ರದ ಟವರ್‌ಗೂ ಸಿಸ್ಟಮ್‌ನ ಸಾರ್ವಭೌಮತ್ವಕ್ಕೂ ನೇರ ಸಂಬಂಧವಿರಲಿಲ್ಲ. ಸಿಸ್ಟಮ್ ಟೆಸ್ಟ್‌ನದಾಗಿದ್ದರೂ ಅದರ ಚಂದ್ರದ ಮೇಲೆ ಬೇರೆಯವರು ಟವರ್ ನಿಲ್ಲಿಸಬಹುದಿತ್ತು, ಈಗಿರುವ ಟವರನ್ನು ಒಡೆದರೆ ಸಾಕು. ಆದರೆ ಒಂದೇ ಏಟಿಗೆ ಒಡೆಯುವಂತಿರಲಿಲ್ಲ. ಟವರ್‌ನ ಕವಚ ನಾಲ್ಕನೆಯ ಒಂದು ಭಾಗಕ್ಕೆ ಇಳಿದ ಕೂಡಲೇ ಅದು ರೀಇನ್‌ಫೋರ್ಸ್ ಸ್ಥಿತಿಗೆ ಹೋಗುತ್ತಿತ್ತು, ಆಮೇಲೆ ಯಾರು ಎಷ್ಟು ಗುಂಡು ಹಾರಿಸಿದರೂ ಏನೂ ಆಗುತ್ತಿರಲಿಲ್ಲ. ಆ ಸ್ಥಿತಿ ಎಷ್ಟು ಹೊತ್ತು ಇರುತ್ತದೆ ಎಂಬುದು ಒಳಗೆ ತುಂಬಿಸಿಟ್ಟ ಸ್ಟ್ರಾಂಟಿಯಮ್ ಎಂಬ ಇಂಧನದ ಪ್ರಮಾಣದ ಮೇಲೆ ನಿಂತಿತ್ತು. ದೊಡ್ಡ ಟವರ್ ಗಂಟೆಗೆ 400 ಯೂನಿಟ್ ಉರಿಸುತ್ತಿತ್ತು, ಪೂರ್ತಿ ತುಂಬಿದರೆ ಸುಮಾರು 41 ಗಂಟೆ. ಜಾಣ ರಕ್ಷಕ ಪೂರ್ತಿ ತುಂಬುತ್ತಿರಲಿಲ್ಲ. ಶತ್ರು ಸಾಮಾನ್ಯವಾಗಿ ಯಾವ ಹೊತ್ತಿಗೆ ದಾಳಿ ಮಾಡುತ್ತಾನೆಂದು ಅಂದಾಜು ಮಾಡಿ, ಅಲ್ಲಿಂದ ಎಣಿಸಿ, ಟವರ್ ಹೊರಬರುವ ವೇಳೆ ತನ್ನ ಜನ ಹೆಚ್ಚು ಲಾಗಿನ್ ಇರುವ ವೇಳೆಗೆ ಬೀಳುವಂತೆ ಅಳತೆ ಮಾಡಿ ಸ್ಟ್ರಾಂಟಿಯಮ್ ಹಾಕುತ್ತಿದ್ದ. ದಾಳಿಕಾರನು ಆ ಅಳತೆಯನ್ನು ಕೆಡಿಸಲು ಅನಿರೀಕ್ಷಿತ ವೇಳೆಯಲ್ಲಿ ಬಂದು ಹೊಡೆಯುತ್ತಿದ್ದ.

ಸಿಸ್ಟಮ್ ಕಿತ್ತುಕೊಳ್ಳುವುದು ಇನ್ನೂ ನಿಧಾನ. 2009ರಿಂದ 2015ರವರೆಗೆ ಇದ್ದ ಡೊಮಿನಿಯನ್ ನಿಯಮಗಳ ಪ್ರಕಾರ ದಾಳಿಕಾರರು ಮೊದಲು ಆ ಸಿಸ್ಟಮ್‌ನ ಅರ್ಧಕ್ಕಿಂತ ಹೆಚ್ಚು ಗೇಟ್‌ಗಳ (ಇತರ ಸಿಸ್ಟಮ್‌ಗಳಿಗೆ ಹೋಗುವ ದ್ವಾರಗಳ) ಬಳಿ ದಿಗ್ಬಂಧನ ಯಂತ್ರಗಳನ್ನು ನಿಲ್ಲಿಸಬೇಕು. ಅವು ಚಾಲೂ ಆಗಲು ಮೂರು ಗಂಟೆ ಬೇಕು, ಅಷ್ಟರಲ್ಲಿ ರಕ್ಷಕರು ಬಂದು ಒಡೆದುಹಾಕಬಹುದು. ಚಾಲೂ ಆದ ಮೇಲೆ ಸ್ಟೇಷನ್ ಮತ್ತು ಮೂಲಸೌಕರ್ಯ ಕೇಂದ್ರಕ್ಕೆ ಗುಂಡು ಹಾರಿಸಬೇಕು. ಕವಚ ಹೋದಾಗ ಒಂದು ಟೈಮರ್, ಲೋಹದ ಹೊದಿಕೆ ಹೋದಾಗ ಇನ್ನೊಂದು ಟೈಮರ್, ಎರಡೂ ರಕ್ಷಕರು ಆರಿಸಿದ ವೇಳೆಯ ಆಸುಪಾಸಿನಲ್ಲಿ ಮುಗಿಯುವಂಥವು. ಅಂದರೆ ದಾಳಿಕಾರರು ಒಂದೇ ಸ್ಟೇಷನ್‌ಗಾಗಿ ದಿನಗಳ ಅಂತರದಲ್ಲಿ ಮತ್ತೆ ಮತ್ತೆ, ಎದುರಾಳಿಗೆ ಅನುಕೂಲವಾದ ಹೊತ್ತಿನಲ್ಲೇ, ಪೂರ್ಣ ಬಲದೊಡನೆ ಬಂದು ಗೆಲ್ಲಬೇಕಿತ್ತು. ಕೊನೆಯ ಒಂದು ಟೈಮರ್ ಸೋತರೆ ಅಷ್ಟೂ ಶ್ರಮ ನೀರಿನಲ್ಲಿ ಹೋಮ.

ಈ ಕಾರಣದಿಂದಲೇ ಸಿಎಫ್‌ಸಿಗೆ ಜುಲೈ ಕೊನೆಯವರೆಗೆ ಸಮಯ ಹಿಡಿಯಿತು. ಟೆಸ್ಟ್ ಒಂಟಿಯಾಗಿಯೂ ಉಳಿಯಲಿಲ್ಲ ಎಂಬುದು ಇನ್ನೊಂದು ಕಾರಣ. ಸಿಎಫ್‌ಸಿಯ ಹಳೆಯ ವಿರೋಧಿಗಳಾದ ನುಲ್ಲಿ ಸೆಕುಂಡಾ ಮತ್ತು ನಾರ್ದರ್ನ್ ಕೋಯಲಿಷನ್ ಇದ್ದ ಎನ್3 ಗುಂಪು ಅದರ ನೆರವಿಗೆ ಬಂತು. ಟೆಸ್ಟ್‌ನ ಮೇಲಿನ ಪ್ರೀತಿಗಿಂತ, ಉತ್ತರದ ಜೊತೆಗೆ ಫೌಂಟನ್‌ನ ಚಂದ್ರಗಳೂ ಸಿಎಫ್‌ಸಿಗೆ ಸೇರಿದರೆ ಮುಂದಿನ ಸರದಿ ತಮ್ಮದೇ ಎಂಬ ಲೆಕ್ಕ ಅಲ್ಲಿ ಕೆಲಸ ಮಾಡಿತೆಂದು ನಾನು ಭಾವಿಸುತ್ತೇನೆ. ಮೇಲಿಂದ ಮೇಲೆ ದೂರ ಜಿಗಿಯುವುದಕ್ಕೆ ಜಂಪ್ ಫಟೀಗ್ ಎಂಬ ಮಿತಿ ಬಂದದ್ದು 2014ರ ನವೆಂಬರ್‌ನಲ್ಲಿ. ಅದಕ್ಕೆ ಮೊದಲು ಟೈಟನ್ ಸೇತುವೆಗಳ ಮೂಲಕ ಇಡೀ ಪಡೆಯೊಂದು ನಕ್ಷೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ಬಹಳ ಬೇಗ ತಲುಪಬಹುದಿತ್ತು. ಹಾಗಾಗಿ ನೆರವಿಗೆ ದೂರ ಅಡ್ಡಿಯಾಗಲಿಲ್ಲ. ಎನ್3ಯ ಕ್ಯಾಪಿಟಲ್ ಹಡಗುಗಳು ಹತ್ತಿರದಲ್ಲಿವೆ ಎಂಬ ಸುದ್ದಿಯಷ್ಟೇ ಸಾಕು, ಸಿಎಫ್‌ಸಿ ತನ್ನ ದುಬಾರಿ ಹಡಗುಗಳನ್ನು ಹೊರತೆಗೆಯಲು ಎರಡು ಸಲ ಯೋಚಿಸಬೇಕಿತ್ತು. ಆದ್ದರಿಂದ ಅದು ನೆಚ್ಚಿದ್ದು ತನ್ನ ಜನಸಂಖ್ಯೆಯನ್ನು, ಮತ್ತು ಆ ದಿನಗಳಲ್ಲಿ ಹೆಸರಾಗಿದ್ದ ಬಾಲ್ಟೆಕ್ ಫ್ಲೀಟ್ ಎಂಬ ಮೆಗಾಥ್ರಾನ್ ಬ್ಯಾಟಲ್‌ಶಿಪ್‌ಗಳ ಪಡೆಯನ್ನು. ಕಳೆದುಕೊಂಡರೆ ಖಜಾನೆ ತುಂಬಿಕೊಡುತ್ತದೆ, ನಾಳೆ ಅದೇ ಹಡಗು ಅದೇ ಪೈಲಟ್‌ನ ಕೈಯಲ್ಲಿರುತ್ತದೆ.

ಭಾರತದಿಂದ ಆಡುವವರಿಗೆ ಈ ಟೈಮರ್ ಯುದ್ಧ ಎಂಥದ್ದೆಂದು ಬೇರೆ ಹೇಳಬೇಕಿಲ್ಲ. ಆಟದ ಗಡಿಯಾರ ಯುಟಿಸಿ. ಯೂರೋಪಿನ ಸಂಜೆಗೆ ಹೊಂದುವಂತೆ ಇಟ್ಟ 19:00ರ ಟೈಮರ್ ನಮಗೆ ರಾತ್ರಿ ಹನ್ನೆರಡೂವರೆ, ಅಮೆರಿಕದವರಿಗೆ ಹೊಂದುವ 02:00ರ ಟೈಮರ್ ಬೆಳಗ್ಗೆ ಏಳೂವರೆ. ಅದರ ಮೇಲೆ ಟೈಮ್ ಡೈಲೇಷನ್. ಒಂದು ಸಿಸ್ಟಮ್‌ನಲ್ಲಿ ಜನ ಅತಿಯಾದರೆ ಸರ್ವರ್ ಬೀಳದಿರಲೆಂದು ಆಟದ ವೇಗವನ್ನೇ ಶೇಕಡ 10ರವರೆಗೆ ಇಳಿಸುವ ವ್ಯವಸ್ಥೆ ಅದು. ಆ ವೇಗದಲ್ಲಿ ಆಟದೊಳಗಿನ ಆರು ನಿಮಿಷದ ಕದನಕ್ಕೆ ಹೊರಗೆ ಒಂದು ಗಂಟೆ ಕಳೆಯುತ್ತದೆ. ಗುಂಡಿ ಒತ್ತಿ ಬಂದೂಕು ತಿರುಗುವುದನ್ನು ಕಾಯುತ್ತ ಕುಳಿತವನಿಗೆ ನಿದ್ದೆಯೇ ದೊಡ್ಡ ಶತ್ರು. ಆರಂಭದ ವಾರಗಳಲ್ಲಿ ಎರಡೂ ಕಡೆಯವರು ನಿಜವಾಗಿ ಸವೆಸುತ್ತಿದ್ದದ್ದು ಎದುರಾಳಿಯ ಹಡಗುಗಳಿಗಿಂತ ಎದುರಾಳಿಯ ತಾಳ್ಮೆಯನ್ನು.

ಹಡಗುಮೇಸ್ತ್ರಿ

ಕಾವೇರಿ_ಕ್ರೂಸರ್ ಅವರ ವಿವರಣೆಯೊಂದಿಗೆ ನನ್ನ ಮೊದಲಿನ ಮಾತನ್ನು ಜೋಡಿಸುತ್ತೇನೆ. ಈ ಯುದ್ಧದಲ್ಲಿ ಗುರಿಯೂ ಆಯುಧವೂ ಒಂದೇ ಆಗಿತ್ತು. ಸಿಎಫ್‌ಸಿಗೆ ಬೇಕಾಗಿದ್ದದ್ದು ಆರ್64 ಚಂದ್ರಗಳು, ಟೆಸ್ಟ್ ತನ್ನ ಪೈಲಟ್‌ಗಳ ನಷ್ಟ ತುಂಬಲು ನೆಚ್ಚಬಹುದಾಗಿದ್ದದ್ದೂ ಅವೇ ಚಂದ್ರಗಳು. ಒಂದು ಟವರ್ ಕೈಬದಲಾದರೆ ಒಬ್ಬರ ಖಜಾನೆಗೆ ಕೂಡುವುದು, ಇನ್ನೊಬ್ಬರದರಿಂದ ಕಳೆಯುವುದು ಎರಡೂ ಏಕಕಾಲಕ್ಕೆ ಆಗುತ್ತಿತ್ತು. ಅದರ ಪರಿಣಾಮ ಅಂದೇ ಕಾಣುವುದಿಲ್ಲ, ವಾರಗಳ ನಂತರ ಹಡಗಿನ ಹಣ ತಡವಾಗಿ ಬಂದಾಗ, ಕರೆಗೆ ಓಗೊಡುವವರ ಸಂಖ್ಯೆ ಇಳಿದಾಗ ಕಾಣುತ್ತದೆ.

ಗಡಿಕಾವಲುಗಾರರು ಹೇಳಿದ ಒಂಟಿತನದ ಕಾರಣವನ್ನು ನಾನು ಒಪ್ಪುತ್ತೇನೆ, ಆದರೆ ಒಡಿಸ್ಸಿ ಇಲ್ಲದೆಯೂ ಯುದ್ಧ ಆಗುತ್ತಿತ್ತು ಎಂಬುದನ್ನು ಒಪ್ಪಲಾರೆ. ಸಿಎಫ್‌ಸಿ ಮತ್ತು ಟೆಸ್ಟ್ ಇಬ್ಬರಿಗೂ ನೆಲ ಬೇಕಾದಷ್ಟಿತ್ತು. ಟೆಕ್ನೀಷಿಯಮ್ ಹರಿದುಬರುತ್ತಿದ್ದಷ್ಟು ಕಾಲ ಮುನಿಸಿಕೊಂಡ ನೆರೆಯವನೊಡನೆ ಬದುಕುವುದು ಅವನನ್ನು ಓಡಿಸುವುದಕ್ಕಿಂತ ಅಗ್ಗವಾಗಿತ್ತು. ಅಸಕಾಯ್ ಕದನದ ನಂತರವೂ ಯುದ್ಧ ಹೊತ್ತಿಕೊಳ್ಳದೆ ಇದ್ದದ್ದೇ ಇದಕ್ಕೆ ಸಾಕ್ಷಿ ಎಂದು ನನಗನಿಸುತ್ತದೆ.

ತೀರದರಾಯರೇ, ನೀವು ಇದನ್ನು ಮುಂದೆ ಅಭ್ಯಾಸ ಮಾಡುವುದಾದರೆ ಒಂದು ಸೂಚನೆ. ಆ ತಿಂಗಳುಗಳ ಸಾರ್ವಭೌಮತ್ವದ ಬಣ್ಣದ ನಕ್ಷೆಗಳು ಈಗಲೂ ಸಿಗುತ್ತವೆ, ಆದರೆ ಆರಂಭದ ಹಂತವನ್ನು ಅವುಗಳಲ್ಲಿ ಹುಡುಕಬೇಡಿ. ಚಂದ್ರದ ಟವರ್ ಯಾರದೆಂಬುದು ಆ ನಕ್ಷೆಯಲ್ಲಿ ಬರುವುದಿಲ್ಲ. ಸಿಸ್ಟಮ್‌ನ ಬಣ್ಣ ಟೆಸ್ಟ್‌ನದೇ ಆಗಿದ್ದಾಗಲೂ ಅದರ ಚಂದ್ರದ ಆದಾಯ ಡೆಕ್ಲೀನ್‌ಗೆ ಹೋಗುತ್ತಿರಬಹುದು. ಕಿಲ್‌ಬೋರ್ಡ್‌ಗಳಲ್ಲಿ (ಒಡೆದ ಹಡಗು, ಟವರ್‌ಗಳನ್ನು ದಾಖಲಿಸುವ ತಾಣಗಳಲ್ಲಿ) 2013ರ ಜೂನ್ ತಿಂಗಳಿನ ಫೌಂಟನ್ ಪ್ರಾಂತ್ಯದ ದಾಖಲೆಗಳನ್ನು ತೆಗೆದು, ಅದರಲ್ಲಿ ಒಡೆದ ಕಂಟ್ರೋಲ್ ಟವರ್‌ಗಳನ್ನು ಮಾತ್ರ ಬೇರ್ಪಡಿಸಿ, ದಿನಾಂಕದ ಪ್ರಕಾರ ಜೋಡಿಸಿಕೊಳ್ಳಿ. ಅದರ ಪಕ್ಕದಲ್ಲಿ ಸ್ಟೇಷನ್‌ಗಳು ಕೈಬದಲಾದ ದಿನಾಂಕಗಳನ್ನಿಟ್ಟರೆ 6ವಿಡಿಟಿ-ಹೆಚ್‌ನಲ್ಲಿ ಜುಲೈ 28ರಂದು 4,000ಕ್ಕೂ ಹೆಚ್ಚು ಪೈಲಟ್‌ಗಳು ಸೇರುವ ಮೊದಲು ಎಷ್ಟು ಕೆಲಸ ಆಗಿಹೋಗಿತ್ತೆಂಬುದು ನಿಮಗೇ ಸಿಗುತ್ತದೆ. ಪಟ್ಟಿ ಸಿದ್ಧವಾದರೆ ಇಲ್ಲಿಯೇ ಹಾಕಿ, ಯಾವ ಟವರ್ ಆರ್64 ಚಂದ್ರದ್ದು ಎಂಬುದನ್ನು ಗುರುತಿಸಲು ನಾನು ನೆರವಾಗುತ್ತೇನೆ.